ಇಷ್ಟೊಂದು ಡೆಸ್ಕ್‌ಟಾಪ್ ಯಾಕೆ? - ಅಪ್ಪನ ಪ್ರಶ್ನೆಗೊಂದು ಚರಿತ್ರೆ

ಮೊನ್ನೆ ಊರಿಗೆ ಹೋದಾಗ ಅಪ್ಪನ ಕಂಪ್ಯೂಟರ್‌ಗೆ ಹೊಸದಾಗಿ ಲಿನಕ್ಸ್ ಹಾಕಿಕೊಡುವ ಕೆಲಸ ಬಿತ್ತು. ಹಳೇ ಹಾರ್ಡ್ ಡಿಸ್ಕ್ ಕೈಕೊಟ್ಟಿತ್ತು. ಡೌನ್‌ಲೋಡ್ ಪುಟ ತೆಗೆದರೆ ಗ್ನೋಮ್, ಕೆಡಿಇ, ಎಕ್ಸ್‌ಎಫ್‌ಸಿಇ, ಸಿನಮನ್, ಮಾಟೆ... ಸಾಲು ಸಾಲು ಹೆಸರು. ಪಕ್ಕದಲ್ಲಿ ಕೂತಿದ್ದ ಅಪ್ಪ ಕನ್ನಡಕ ಸರಿಮಾಡಿಕೊಂಡು ಕೇಳಿದರು, "ಅಲ್ವೋ, ಒಂದು ಕಂಪ್ಯೂಟರ್‌ಗೆ ಇಷ್ಟೊಂದು ಮುಖ ಯಾಕೋ? ಎಲ್ಲರೂ ಸೇರಿ ಒಂದನ್ನೇ ಚೆನ್ನಾಗಿ ಮಾಡಬಾರದಿತ್ತಾ?"

ಥಟ್ಟನೆ ಉತ್ತರ ಹೊಳೆಯಲಿಲ್ಲ. "ಅದು ದೊಡ್ಡ ಕಥೆ ಅಪ್ಪ" ಅಂದು ತಪ್ಪಿಸಿಕೊಂಡೆ. ಆ ದೊಡ್ಡ ಕಥೆ ಇಲ್ಲಿದೆ.

ವಿಂಡೋಸ್ ಬಳಸಿದವರಿಗೆ ಕಂಪ್ಯೂಟರ್ ಅಂದರೆ ಅದರ ಪರದೆಯೇ. ಲಿನಕ್ಸ್‌ನಲ್ಲಿ ಹಾಗಲ್ಲ. ಲಿನಕ್ಸ್ ಅನ್ನೋದು ಒಳಗಿನ ಎಂಜಿನ್. ಪರದೆಯ ಮೇಲೆ ಚಿತ್ರ ಮೂಡಿಸಲು ಬಹುಕಾಲ ಬಳಕೆಯಲ್ಲಿದ್ದದ್ದು ಅಮೆರಿಕದ ಎಂಐಟಿಯಲ್ಲಿ 1984ರಲ್ಲಿ ಹುಟ್ಟಿದ ಎಕ್ಸ್ ವಿಂಡೋ ಸಿಸ್ಟಮ್. ಅದು ಕಿಟಕಿ ತೆರೆಯಲು ಜಾಗ ಕೊಡುತ್ತದೆ, ಬರೆದದ್ದನ್ನು ತೋರಿಸುತ್ತದೆ, ಅಷ್ಟೇ. ಗುಂಡಿ ಹೇಗಿರಬೇಕು, ಮೆನು ಎಲ್ಲಿರಬೇಕು ಅನ್ನೋದು ಅದಕ್ಕೆ ಸಂಬಂಧವಿಲ್ಲ. ಹಾಗಾಗಿ 90ರ ದಶಕದ ಲಿನಕ್ಸ್‌ನಲ್ಲಿ ಒಂದೊಂದು ಪ್ರೋಗ್ರಾಮಿಗೂ ಒಂದೊಂದು ವೇಷ. ಒಂದರಲ್ಲಿ ಸ್ಕ್ರೋಲ್ ಬಾರ್ ಎಡಕ್ಕೆ, ಇನ್ನೊಂದರಲ್ಲಿ ಬಲಕ್ಕೆ. ಕಂಪ್ಯೂಟರ್ ವಿಜ್ಞಾನ ಓದಿದವರಿಗೆ ಇದು ತಮಾಷೆ, ಮನೆಯವರಿಗೆ ಪೀಕಲಾಟ.

1996ರ ಅಕ್ಟೋಬರ್ 14ರಂದು ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಮಥಿಯಾಸ್ ಎಟ್ರಿಚ್ ಯೂಸ್‌ನೆಟ್‌ನಲ್ಲಿ ಒಂದು ಕರೆ ಕೊಟ್ಟ. ಸಾಮಾನ್ಯ ಬಳಕೆದಾರನಿಗಾಗಿ ಎಲ್ಲ ಪ್ರೋಗ್ರಾಮ್‌ಗಳೂ ಒಂದೇ ರೀತಿ ಕಾಣುವ, ಒಂದೇ ರೀತಿ ನಡೆದುಕೊಳ್ಳುವ ಪೂರ್ತಿ ಪರಿಸರವೊಂದನ್ನು ಕಟ್ಟೋಣ, ಬನ್ನಿ ಅಂತ. ಆಗ ದುಬಾರಿ ಯುನಿಕ್ಸ್ ಯಂತ್ರಗಳಲ್ಲಿ ಸಿಡಿಇ ಎಂಬ ಡೆಸ್ಕ್‌ಟಾಪ್ ಇತ್ತು. ಅದನ್ನೇ ಅಣಕಿಸುವಂತೆ ಇದಕ್ಕೆ ಕೆಡಿಇ ಎಂದು ಹೆಸರಿಟ್ಟ. ಜನ ಸೇರಿದರು. 1998ರ ಜುಲೈನಲ್ಲಿ ಕೆಡಿಇ 1.0 ಹೊರಬಂತು. ನೋಡಿ, ಅಪ್ಪ ಹೇಳಿದ "ಎಲ್ಲರೂ ಸೇರಿ ಒಂದನ್ನೇ" ಅನ್ನೋದು ಎಟ್ರಿಚ್‌ನ ಆಸೆಯೂ ಆಗಿತ್ತು!

ಎಡವಟ್ಟಾಗಿದ್ದು ಅಡಿಪಾಯದಲ್ಲಿ. ಗುಂಡಿ, ಮೆನು ಬರೆಯಲು ಕೆಡಿಇ ಆರಿಸಿಕೊಂಡದ್ದು ನಾರ್ವೆಯ ಟ್ರೋಲ್‌ಟೆಕ್ ಕಂಪನಿಯ ಕ್ಯೂಟಿ ಎಂಬ ಟೂಲ್‌ಕಿಟ್. ತಾಂತ್ರಿಕವಾಗಿ ಒಳ್ಳೆಯದೇ. ಉಚಿತ ತಂತ್ರಾಂಶ ಬರೆಯುವವರಿಗೆ ಹಣವನ್ನೂ ಕೇಳುತ್ತಿರಲಿಲ್ಲ. ಆದರೆ ಕ್ಯೂಟಿಯನ್ನೇ ತಿದ್ದಿ, ತಿದ್ದಿದ್ದನ್ನು ಹಂಚುವ ಹಕ್ಕು ಆಗಿನ ಲೈಸೆನ್ಸಿನಲ್ಲಿ ಇರಲಿಲ್ಲ. ಕೆಡಿಇಯೋ ಜಿಪಿಎಲ್ ಲೈಸೆನ್ಸಿನದು. ಬಳಸುವ, ತಿದ್ದುವ, ಹಂಚುವ ಹಕ್ಕು ಎಲ್ಲರಿಗೂ ಇರಬೇಕು ಅನ್ನುವಂಥದ್ದು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಮನೆ ನಮ್ಮದು, ಸೈಟು ಇನ್ನೊಬ್ಬರದು. ಸೈಟಿನ ಯಜಮಾನ ಒಳ್ಳೆಯವನೇ ಇರಬಹುದು. ನಾಳೆ ಅವನು ಮಾರಿಬಿಟ್ಟರೆ?

ಇದು ಬರೀ ಸಿದ್ಧಾಂತದ ಕಚ್ಚಾಟವಾಗಿ ಉಳಿಯಲಿಲ್ಲ. 1998ರಲ್ಲಿ ಡೆಬಿಯನ್ ತಂಡ ಲೈಸೆನ್ಸಿನ ತೊಡಕಿನಿಂದಾಗಿ ಕೆಡಿಇಯನ್ನು ತನ್ನ ಸಂಗ್ರಹದಿಂದಲೇ ತೆಗೆದುಹಾಕಿತು. ಅದೇ ವರ್ಷ ಮ್ಯಾಂಡ್ರೇಕ್ ಎಂಬ ಹೊಸ ಲಿನಕ್ಸ್ ಹುಟ್ಟಿದ್ದೇ ರೆಡ್ ಹ್ಯಾಟ್‌ಗೆ ಕೆಡಿಇ ಸೇರಿಸಿ ಕೊಡುತ್ತೇವೆ ಅಂತ.

ಅಷ್ಟರಲ್ಲಿ ಇನ್ನೊಂದು ಗುಂಪು ಬೇರೆ ದಾರಿ ಹಿಡಿದಿತ್ತು. 1997ರ ಆಗಸ್ಟ್‌ನಲ್ಲಿ ಮೆಕ್ಸಿಕೋದ ಮಿಗೆಲ್ ದೆ ಇಕಾಸಾ ಮತ್ತು ಫೆಡೆರಿಕೊ ಮೆನಾ ಗ್ನೋಮ್ ಯೋಜನೆ ಘೋಷಿಸಿದರು. ಅವರು ಹಿಡಿದದ್ದು ಜಿಟಿಕೆ ಎಂಬ ಟೂಲ್‌ಕಿಟ್. ಅದರ ಹುಟ್ಟೂ ಸ್ವಾರಸ್ಯವೇ. ಬರ್ಕ್ಲಿಯ ವಿದ್ಯಾರ್ಥಿಗಳಾದ ಸ್ಪೆನ್ಸರ್ ಕಿಂಬಾಲ್ ಮತ್ತು ಪೀಟರ್ ಮ್ಯಾಟಿಸ್ ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶಕ್ಕೆಂದು ಮಾಡಿಕೊಂಡ ಉಪಕರಣ ಅದು. ಕಾರ್ಖಾನೆಯ ಮಾಲಲ್ಲ, ಮನೆಯಲ್ಲಿ ಮಾಡಿಕೊಂಡ ಕುಡುಗೋಲು. ಆದರೆ ಸೈಟು ಸ್ವಂತದ್ದು! 1999ರ ಮಾರ್ಚ್‌ನಲ್ಲಿ ಗ್ನೋಮ್ 1.0 ಬಂತು.

ಅಲ್ಲಿಗೆ ಎರಡು ಮನೆಯಾಯಿತು. ಎರಡು ಗುಂಪುಗಳ ನಡುವೆ ವರ್ಷಗಟ್ಟಲೆ ಜಗಳ. ಇಷ್ಟು ಶ್ರಮ ಎರಡೆರಡು ಕಡೆ ವ್ಯರ್ಥವಾಗ್ತಿದೆಯಲ್ಲ ಅಂತ ಕೊರಗಿದವರೂ ಬಹಳ. ಆದರೆ ಫಲ ನೋಡಿ. ಪೈಪೋಟಿ ಮತ್ತು ಟೀಕೆಯ ಒತ್ತಡದಲ್ಲಿ ಟ್ರೋಲ್‌ಟೆಕ್ ಹಂತಹಂತವಾಗಿ ಲೈಸೆನ್ಸ್ ಸಡಿಲಿಸಿತು. ತಾನು ಉಚಿತ ಆವೃತ್ತಿ ಕೊಡುವುದನ್ನು ನಿಲ್ಲಿಸಿದರೆ ಕ್ಯೂಟಿಯನ್ನು ಮುಕ್ತವಾಗಿ ಬಿಡುಗಡೆ ಮಾಡುವ ಹಕ್ಕನ್ನು 1998ರಲ್ಲಿ ಒಂದು ಪ್ರತಿಷ್ಠಾನಕ್ಕೆ ಬರೆದುಕೊಟ್ಟಿತು. 2000ದ ಸೆಪ್ಟೆಂಬರ್‌ನಲ್ಲಿ ಕ್ಯೂಟಿಯೂ ಜಿಪಿಎಲ್ ಆಯಿತು. ಜಗಳದ ಮೂಲ ಕಾರಣವೇ ಮುಗಿಯಿತು. ಮುಂದೆ ಟ್ರೋಲ್‌ಟೆಕ್ ಕಂಪನಿಯನ್ನು 2008ರಲ್ಲಿ ನೋಕಿಯಾ ಕೊಂಡುಕೊಂಡಿತು, ಆಮೇಲೆ ಕ್ಯೂಟಿ ಇನ್ನೂ ಕೈ ಬದಲಾಯಿಸಿತು. ಕೆಡಿಇ ಅಲುಗಾಡಲಿಲ್ಲ. "ನಾಳೆ ಮಾರಿಬಿಟ್ಟರೆ?" ಅಂದವರ ಭಯ ನಿಜವಾಯಿತು, ಆದರೆ ಅಷ್ಟರಲ್ಲಿ ಸೈಟು ಎಲ್ಲರದ್ದಾಗಿತ್ತು.

ಕಾರಣ ಮುಗಿದರೂ ಎರಡು ಮನೆ ಒಂದಾಗಲಿಲ್ಲ, ಯಾಕಂದರೆ ಅಷ್ಟರಲ್ಲಿ ಎರಡಕ್ಕೂ ಬೇರೆ ಬೇರೆ ಸ್ವಭಾವ ಬಂದಿತ್ತು. ಕೆಡಿಇ ಎಲ್ಲವನ್ನೂ ಬದಲಿಸಿಕೋ ಅನ್ನುತ್ತಿತ್ತು. 2002ರ ಗ್ನೋಮ್ 2, ಆಯ್ಕೆಗಳು ಜಾಸ್ತಿಯಾದರೆ ಬಳಸುವವನಿಗೇ ಗೊಂದಲ ಅಂತ ಒಂದಷ್ಟನ್ನು ಕಿತ್ತೆಸೆಯಿತು. ಲಿನಕ್ಸ್ ಜನಕ ಲಿನಸ್ ಟೋರ್ವಾಲ್ಡ್ಸ್‌ಗೆ ಇದು ಹಿಡಿಸಲಿಲ್ಲ. 2005ರಲ್ಲಿ ಕೆಡಿಇ ಬಳಸಿ ಅಂತ ಬಹಿರಂಗವಾಗಿಯೇ ಹೇಳಿದ. ಆದರೆ 2008ರ ಜನವರಿಯಲ್ಲಿ ಬಂದ ಕೆಡಿಇ 4.0 ಇನ್ನೂ ಬಲಿಯದ ಕಾಯಿ. ಆತ ಗ್ನೋಮ್‌ಗೆ ಹೋದ. 2011ರ ಏಪ್ರಿಲ್‌ನಲ್ಲಿ ಗ್ನೋಮ್ 3 ಹಳೇ ಮೆನು, ಪಟ್ಟಿ ಎಲ್ಲವನ್ನೂ ಬಿಟ್ಟು ಹೊಸ ರೂಪದಲ್ಲಿ ಬಂತು. ಅದನ್ನೂ ಬೈದು ಎಕ್ಸ್‌ಎಫ್‌ಸಿಇಗೆ ಹೋದ. 1996ರಲ್ಲಿ ಒಲಿವಿಯರ್ ಫೋರ್ಡನ್ ಶುರುಮಾಡಿದ, ಹಗುರವಾದ ಡೆಸ್ಕ್‌ಟಾಪ್ ಅದು. 2013ರ ಹೊತ್ತಿಗೆ ಮತ್ತೆ ಗ್ನೋಮ್! ಲಿನಕ್ಸ್ ಬರೆದವನೇ ಹೀಗೆ ಮನೆ ಮನೆ ಅಲೆದರೆ ನಮ್ಮ ನಿಮ್ಮ ಪಾಡೇನು ಹೇಳಿ.

ನನಗೆ ಈ ಚರಿತ್ರೆಯಲ್ಲಿ ಮುಖ್ಯ ಅನ್ನಿಸೋದು ಇದೇ ಘಟ್ಟ. ಹಳೆಯದು ಬೇಕು ಅಂದವರು ಬೈದು ಸುಮ್ಮನಾಗಲಿಲ್ಲ. ಕೆಡಿಇ 3.5 ಇಷ್ಟಪಟ್ಟವರು ಅದನ್ನು ಟ್ರಿನಿಟಿ ಹೆಸರಿನಲ್ಲಿ ಉಳಿಸಿಕೊಂಡರು. ಗ್ನೋಮ್ 2ರ ಕೋಡ್ ಎತ್ತಿಕೊಂಡು ಅರ್ಜೆಂಟೀನಾದ ಬಳಕೆದಾರನೊಬ್ಬ 2011ರಲ್ಲಿ ಮಾಟೆ ಶುರುಮಾಡಿದ. ಅವರ ಕಡೆ ಕುಡಿಯುವ ಒಂದು ಬಗೆಯ ಎಲೆಯ ಕಷಾಯದ ಹೆಸರದು. ಹೊಸ ಗ್ನೋಮ್ ಜೊತೆ ತಿಕ್ಕಾಟ ಬೇಡ ಅಂತ ಒಳಗಿನ ಪ್ರೋಗ್ರಾಮ್‌ಗಳಿಗೆಲ್ಲ ಬೇರೆ ಹೆಸರಿಟ್ಟರು. ಫೈಲ್ ಮ್ಯಾನೇಜರ್ 'ಕಾಹಾ' ಆಯಿತು, ಸ್ಪ್ಯಾನಿಷ್‌ನಲ್ಲಿ ಪೆಟ್ಟಿಗೆ ಅಂತ. ಲಿನಕ್ಸ್ ಮಿಂಟ್ ತಂಡ ಗ್ನೋಮ್ 3ರ ತಂತ್ರಜ್ಞಾನದ ಮೇಲೇ ಹಳೇ ಚಹರೆಯ ಸಿನಮನ್ ಕಟ್ಟಿತು. ಬೇರೆ ಕಂಪನಿಗಳ ಡೆಸ್ಕ್‌ಟಾಪ್ ಬದಲಾದಾಗ ಗ್ರಾಹಕ ಒಗ್ಗಿಕೊಳ್ಳಬೇಕು, ಬೇರೆ ದಾರಿಯಿಲ್ಲ. ಇಲ್ಲಿ ದಾರಿ ಇತ್ತು. ಇಟ್ಟದ್ದು ಆ ಹಳೇ ಲೈಸೆನ್ಸ್ ಜಗಳದವರು.

ಹಾಗಂತ ಎಲ್ಲದರಲ್ಲೂ ಬೇರೆಯಾಗಿರುವುದು ಲಾಭವಲ್ಲ. ಕನ್ನಡಿಗರಿಗೆ ಇದು ಚೆನ್ನಾಗಿ ಗೊತ್ತಿರಬೇಕು. 'ಧರ್ಮ' ಅಂತ ಟೈಪ್ ಮಾಡುವಾಗ ರಕಾರ ಮೊದಲು, ಮಕಾರ ಆಮೇಲೆ. ಪರದೆಯಲ್ಲಿ ಮಾತ್ರ ಅರ್ಕಾವೊತ್ತು ಮಕಾರದ ಬಲಕ್ಕೆ ಕೂರಬೇಕು. ಈ ಜೋಡಣೆಯ ಲೆಕ್ಕಾಚಾರ ಗ್ನೋಮ್ ಕಡೆ ಪ್ಯಾಂಗೋದಲ್ಲಿ ಒಂದು, ಕ್ಯೂಟಿಯಲ್ಲಿ ಇನ್ನೊಂದು ಇತ್ತು. ಕನ್ನಡದ ಒಂದು ತಪ್ಪನ್ನು ಎರಡು ಕಡೆ ತಿದ್ದಬೇಕಿತ್ತು. ಇಂದು ಎರಡೂ ಹಾರ್ಫ್‌ಬಜ್ ಎಂಬ ಒಂದೇ ತಂತ್ರಾಂಶವನ್ನು ಬಳಸುತ್ತವೆ. ಜಗಳವಾಡಿದ ಅಣ್ಣತಮ್ಮಂದಿರು ಮನೆ ಬೇರೆ ಮಾಡಿಕೊಂಡರೂ ಬಾವಿಯನ್ನು ಒಟ್ಟಿಗೇ ತೋಡಿದ ಹಾಗೆ. ಆ ಬಾವಿಯ ನೀರು ನಮ್ಮ ಒತ್ತಕ್ಷರಕ್ಕೂ ಸಿಕ್ಕಿತು.

ಈಗ ಅಪ್ಪನ ಕಂಪ್ಯೂಟರ್‌ಗೆ ಬರೋಣ. 2024ರಲ್ಲಿ ಬಂದ ಕೆಡಿಇಯ ಪ್ಲಾಸ್ಮಾ 6 ನೋಡಲು ಚಂದ, ನನ್ನ ಲ್ಯಾಪ್‌ಟಾಪ್‌ನಲ್ಲಿ ಅದೇ ಇರೋದು. ಈಗಿನ ಗ್ನೋಮ್ ಕೂಡ ಒಗ್ಗಿಕೊಂಡವರಿಗೆ ಬಹಳ ಹಿತ. ಆದರೆ ಅಪ್ಪನಿಗೆ ಬೇಕಾಗಿರೋದು ಚಂದ ಅಲ್ಲ. ಮೇಲೊಂದು ಪಟ್ಟಿ, ಕೆಳಗೊಂದು ಪಟ್ಟಿ, ಎಡಮೂಲೆಯಲ್ಲಿ ಮೆನು. ಎಪ್ಪತ್ತು ದಾಟಿದವರ ಕೈ ಕಣ್ಣಿಗಿಂತ ಚೆನ್ನಾಗಿ ನೆನಪಿಟ್ಟುಕೊಂಡಿರುತ್ತದೆ, ಆ ನೆನಪನ್ನು ಕಸಿಯುವ ಹಕ್ಕು ನನಗಿಲ್ಲ. ಮಾಟೆ ಹಾಕಿದೆ.

ಅಪ್ಪ ಮೌಸ್ ಹಿಡಿದರು. ಕೈ ಸೀದಾ ಎಡಮೂಲೆಗೆ ಹೋಯಿತು. ಮೆನು ಬಿಚ್ಚಿಕೊಂಡಿತು.

"ಇದು ಹಳೇದೇ ಅಲ್ವೇನೋ?" ಅಂದರು.

"ಹೌದಪ್ಪ, ಹಳೇದೇ. ಯಾರೋ ಉಳಿಸಿಕೊಂಡು ಬಂದಿದ್ದಾರೆ."

"ಒಳ್ಳೇ ಕೆಲಸ ಮಾಡಿದಾರೆ ಬಿಡು" ಅಂದು ಪೇಪರ್ ಓದೋಕೆ ಶುರುಮಾಡಿದರು. ಇಷ್ಟೊಂದು ಯಾಕೆ ಅಂತ ಮತ್ತೆ ಕೇಳಲಿಲ್ಲ.