ಉಪ್ಪು ಕಾಗದದ ಕಥೆ: ಮರ ನುಣುಪಾಯ್ತು, ಧೂಳು ಎಲ್ಲಿಗೆ ಹೋಯ್ತು?

📷 1/6

ಫೋಟೊದಲ್ಲಿ ಕಾಣ್ತಿರೋದು ನಮ್ಮನೆ ಹಿಂದಿನ ಶೆಡ್‌ಗೆ ಹೊಸದಾಗಿ ಬಂದಿರೋ ಡ್ರಮ್ ಸ್ಯಾಂಡರ್. ಪೆಟ್ಟಿಗೆ ಬಿಚ್ಚಿ ನಾಲ್ಕು ದಿನ ಆಯ್ತು. ಜೋಡಿಸಿದ್ದೂ ಆಯ್ತು. ಆದ್ರೆ ಇನ್ನೂ ಸ್ವಿಚ್ ಹಾಕಿಲ್ಲ. ಯಾಕೆ ಅಂತ ಕೊನೆಯಲ್ಲಿ ಹೇಳ್ತೀನಿ. ಅದಕ್ಕೂ ಮುಂಚೆ ನಿಮಗೆ ಒಂದು ಹಳೇ ಕಥೆ ಹೇಳಬೇಕು.

ಈ ಯಂತ್ರ ಗೊತ್ತಿಲ್ಲದವರಿಗೆ: ಒಂದು ಉರುಳೆ, ಅದರ ಮೈಗೆ ಸುತ್ತಿದ ಉಪ್ಪು ಕಾಗದ, ಕೆಳಗೆ ನಿಧಾನಕ್ಕೆ ಚಲಿಸುವ ಬೆಲ್ಟು. ಈ ಕಡೆಯಿಂದ ಹಲಗೆ ಕೊಟ್ರೆ ಆ ಕಡೆಯಿಂದ ಒಂದೇ ದಪ್ಪಕ್ಕೆ, ನುಣ್ಣಗೆ ಹೊರಗೆ ಬರುತ್ತೆ. ಕೈಯಲ್ಲಿ ಅರ್ಧ ದಿನ ಉಜ್ಜಬೇಕಾದ ಕೆಲಸ ಕೆಲವೇ ನಿಮಿಷಕ್ಕೆ ಮುಗಿಯುತ್ತೆ.

ಉಪ್ಪು ಕಾಗದ ಅಂತೀವಿ, ಅದರಲ್ಲಿ ಉಪ್ಪಿಲ್ಲ. ಮರಳು ಕಾಗದ ಅಂತೀವಿ, ಅದರಲ್ಲಿ ಮರಳೂ ಇಲ್ಲ. ಹಾಗಾದ್ರೆ ಏನಿದೆ? ಮುಂದಿನ ಫೋಟೊಗೆ ಬನ್ನಿ.

📷 2/6

ಕಾಗದ ಬರುವ ಮುಂಚೆ ಎಲೆ ಇತ್ತು.

ನಮ್ಮ ಮಲೆನಾಡಿನ ಕಾಡಲ್ಲಿ ಗರಗತ್ತಿ ಅಂತ ಒಂದು ಮರ ಇದೆ, ಅತ್ತಿಯ ಬಳಗದ್ದು. ಅದರ ಎಲೆ ಮುಟ್ಟಿದ್ರೆ ಬೆಕ್ಕಿನ ನಾಲಿಗೆ ಥರ ಒರಟು. ಮರ, ದಂತ ನಯ ಮಾಡೋಕೆ ಅದನ್ನೇ ಬಳಸ್ತಿದ್ರು. ಚನ್ನಪಟ್ಟಣದ ಗೊಂಬೆ ಮಾಡುವವರು ಅರಗಿನ ಬಣ್ಣಕ್ಕೆ ಹೊಳಪು ಕೊಡೋದು ಕೇದಗೆ ಜಾತಿಯ ಗರಿಯಿಂದ. ಜಪಾನಿನಲ್ಲೂ ಯುರೋಪಿನಲ್ಲೂ ಕುದುರೆ ಬಾಲದಂಥ ಒಂದು ಜರೀಗಿಡದ ಕಾಂಡ ಈ ಕೆಲಸಕ್ಕೆ ಬರ್ತಿತ್ತು. ಅದರ ಮೈಯಲ್ಲಿ ಗಾಜಿನ ಮೂಲವಸ್ತುವಾದ ಸಿಲಿಕಾ ಇರುತ್ತೆ. ಕಡಲ ತೀರದ ಜನ ಶಾರ್ಕ್ ಮೀನಿನ ಒಣ ಚರ್ಮ ಹಿಡಿದು ಉಜ್ಜುತ್ತಿದ್ರು. ಪುಡಿ ಮಾಡಿದ ಚಿಪ್ಪು, ಬೀಜ, ಮರಳನ್ನು ಅಂಟಿನಿಂದ ತೊಗಲಿನ ಹಾಳೆಗೆ ಅಂಟಿಸುವ ಪದ್ಧತಿ ಚೀನಾದಲ್ಲಿ 13ನೇ ಶತಮಾನದಲ್ಲೇ ಇತ್ತು ಅಂತಾರೆ.

ಇನ್ನೊಂದು ಮಾತು. ಸಾಣೆ ಹಿಡಿಯೋರನ್ನ ನೋಡಿದ್ದೀರಲ್ಲ? ಹಳೇ ಕಾಲದಲ್ಲಿ ನಮ್ಮ ದೇಶದ ಸಾಣೆಚಕ್ರ ಮಾಡ್ತಿದ್ದದ್ದು ಗಟ್ಟಿ ಕಲ್ಲಿನ ಪುಡಿಯನ್ನ ಕಾಯಿಸಿದ ಅರಗಿನಲ್ಲಿ ಕಲಸಿ. ಆ ಕಲ್ಲಿಗೆ ಇಂಗ್ಲಿಷಿನವರು ಇಟ್ಟ ಹೆಸರು ಕೊರಂಡಮ್. ಪದ ಹೋದದ್ದು ನಮ್ಮ ಕಡೆಯಿಂದಲೇ: ತಮಿಳಿನ ಕುರುಂದಮ್, ಸಂಸ್ಕೃತದ ಕುರುವಿಂದ. ಈ ಪದವನ್ನ ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೆ.

📷 3/6

ಈಗ ಕಾರ್ಖಾನೆಯ ಕಾಲ.

1833ರಲ್ಲಿ ಲಂಡನ್ನಿನಲ್ಲಿ ಜಾನ್ ಓಕಿ ಅನ್ನೋನು ಗಾಜಿನ ಪುಡಿ ಅಂಟಿಸಿದ ಕಾಗದವನ್ನು ದೊಡ್ಡ ಪ್ರಮಾಣದಲ್ಲಿ ಮಾಡೋಕೆ ಶುರು ಮಾಡಿದ. ಒಡೆದ ಗಾಜಿನ ಚೂರಿಗೆ ಮೂಲೆಮೂಲೆಗೂ ಅಲಗು ಇರುತ್ತೆ. ನದಿ ಮರಳು ನೀರಲ್ಲಿ ಉರುಳಿ ಉರುಳಿ ಮೊಂಡಾಗಿರುತ್ತೆ. ಅದಕ್ಕೇ ಮರಳು ಸೋತದ್ದು. ಮರುವರ್ಷ, 1834ರ ಜೂನ್‌ನಲ್ಲಿ, ಅಮೆರಿಕದ ವರ್ಮಾಂಟ್ ರಾಜ್ಯದ ಐಸಾಕ್ ಫಿಶರ್‌ಗೆ ಸ್ಯಾಂಡ್ ಪೇಪರ್ ಮಾಡುವ ವಿಧಾನಕ್ಕೆ ಪೇಟೆಂಟ್ ಸಿಕ್ತು.

1891ರಲ್ಲಿ ಎಡ್ವರ್ಡ್ ಆಚಿಸನ್ ಜೇಡಿಮಣ್ಣು, ಕೋಕ್ ಕಲ್ಲಿದ್ದಲು ಎರಡನ್ನೂ ಬೆರೆಸಿ ವಿದ್ಯುತ್ತಿನಿಂದ ಕಾಯಿಸಿದ. ಸಿಕ್ಕಿದ್ದು ಗಾಜನ್ನೇ ಗೀರುವ ಹೊಳೆಯುವ ಹರಳು. ಇಂಗಾಲ ಮತ್ತು ಕೊರಂಡಮ್ ಸೇರಿ ಆಗಿರಬೇಕು ಅಂದುಕೊಂಡು ‘ಕಾರ್ಬೊರಂಡಮ್’ ಅಂತ ಹೆಸರಿಟ್ಟ. ಅಂದಾಜು ತಪ್ಪಾಗಿತ್ತು, ಅದು ಸಿಲಿಕಾನ್ ಕಾರ್ಬೈಡ್. ಆದ್ರೆ ನಮ್ಮ ಕುರುವಿಂದ ಆ ಹೆಸರಿನಲ್ಲಿ ಉಳಿದುಬಿಟ್ಟಿತು. ಹಾರ್ಡ್‌ವೇರ್ ಅಂಗಡಿಯ ಕಪ್ಪು ವಾಟರ್ ಪೇಪರ್ ಇದೆಯಲ್ಲ, ಅದರ ಮೇಲಿರೋದು ಸಾಮಾನ್ಯವಾಗಿ ಇದೇ ಹರಳು. ಮರಕ್ಕೆ ಹೆಚ್ಚಾಗಿ ಬಳಸೋದು ಅಲ್ಯೂಮಿನಿಯಮ್ ಆಕ್ಸೈಡ್. ಅಂದ್ರೆ ಬಾಕ್ಸೈಟ್ ಅದಿರು ಕರಗಿಸಿ ಕುಲುಮೆಯಲ್ಲಿ ಮಾಡಿದ ಕುರುವಿಂದ!

📷 4/6

ಕಾಗದ ಚೂಪಾದ ಮೇಲೆ ಅದನ್ನ ಯಂತ್ರಕ್ಕೆ ಸುತ್ತೋದು ಎಷ್ಟು ಹೊತ್ತು? 19ನೇ ಶತಮಾನದ ಕೊನೆಯ ಹೊತ್ತಿಗೆ ಅಮೆರಿಕದ ಬಾಗಿಲು, ಪೀಠೋಪಕರಣ ಕಾರ್ಖಾನೆಗಳಲ್ಲಿ ಮೂರು ಮೂರು ಡ್ರಮ್ಮಿನ ದೈತ್ಯ ಸ್ಯಾಂಡರ್‌ಗಳು ಬಂದವು. ಮೊದಲನೇ ಡ್ರಮ್ಮಿಗೆ ದಪ್ಪ ಕಾಳಿನ ಕಾಗದ, ಕೊನೇದಕ್ಕೆ ನುಣುಪಿನದು. ಮಾಲೀಕರಿಗೆ ಲಾಭ, ಕೆಲಸಗಾರನ ತೋಳಿಗೆ ಆರಾಮ.

ಆದ್ರೆ ಒಂದು ತೊಡಕಿತ್ತು. ಆಗಿನ ಕಾಗದದ ಅಂಟು ಅಂದ್ರೆ ಪ್ರಾಣಿ ಚರ್ಮ, ಮೂಳೆಯಿಂದ ತೆಗೆದ ಸರೇಸು. ನೀರು ತಾಗಿದ್ರೆ ಕರಗುತ್ತೆ. ಹಾಗಾಗಿ ಎಲ್ಲಾ ಉಜ್ಜುವಿಕೆಯೂ ಒಣ ಉಜ್ಜುವಿಕೆ. ಒಣ ಉಜ್ಜುವಿಕೆ ಅಂದ್ರೆ ಧೂಳು.

ಇದಕ್ಕೊಂದು ದಾರಿ ಸಿಕ್ಕಿದ್ದು ಒಂದು ವಿಚಿತ್ರ ಪತ್ರದಿಂದ. 1920ರಲ್ಲಿ ಫಿಲಡೆಲ್ಫಿಯಾದ ಶಾಯಿ ತಯಾರಕ ಫ್ರಾನ್ಸಿಸ್ ಓಕಿ (ಲಂಡನ್ನಿನ ಓಕಿ ಬೇರೆ, ಈತ ಬೇರೆ) ಮಿನೆಸೋಟದ ಒಂದು ಸ್ಯಾಂಡ್ ಪೇಪರ್ ಕಂಪನಿಗೆ ಬರೆದ: ನೀವು ಬಳಸುವ ಎಲ್ಲಾ ಅಳತೆಯ ಕಲ್ಲಿನ ಪುಡಿಯ ಮಾದರಿ ಕಳಿಸಿ. ಶಾಯಿ ಮಾಡೋನಿಗೆ ಕಲ್ಲಿನ ಪುಡಿ ಯಾಕೆ? ಕಂಪನಿಯ ವಿಲಿಯಮ್ ಮೆಕ್‌ನೈಟ್‌ಗೆ ಕುತೂಹಲ ತಡೀಲಿಲ್ಲ, ವಿಚಾರಿಸಿದ. ನೋಡಿದ್ರೆ ಓಕಿ ನೀರಿಗೆ ಕರಗದ ಸ್ಯಾಂಡ್ ಪೇಪರ್ ಕಂಡುಹಿಡಿದಿದ್ದ. 1921ರಲ್ಲಿ ಅದು ಮಾರುಕಟ್ಟೆಗೆ ಬಂತು. ಆ ಕಂಪನಿಯೇ ಇವತ್ತಿನ ತ್ರೀ-ಎಂ. ಕಾರಿನ ಬಣ್ಣ ಉಜ್ಜುವವರು ನೀರು ಹಾಕಿ ಉಜ್ಜೋಕೆ ಶುರು ಮಾಡಿದ್ರು, ಅವರಿಗೆ ಧೂಳು ಕಡಿಮೆ ಆಯ್ತು.

ಮರಗೆಲಸದವನಿಗೆ ಆ ಭಾಗ್ಯ ಇಲ್ಲ. ಹಲಗೆಗೆ ನೀರು ಹಾಕಿದ್ರೆ ಉಬ್ಬುತ್ತೆ, ನಾರು ಎದ್ದು ನಿಲ್ಲುತ್ತೆ. ಅವನು ಒಣಗಿದ್ದನ್ನೇ ಉಜ್ಜುತ್ತಾ ಹೋದ.

📷 5/6

ಇಂಗ್ಲೆಂಡಿನ ಹೈ ವಿಕಮ್ ಅಂದ್ರೆ ಕುರ್ಚಿಗಳ ಊರು. ತಲೆಮಾರುಗಟ್ಟಲೆ ಅಲ್ಲಿನ ಜನ ಬೀಚ್ ಮರದ ಕುರ್ಚಿ ಮಾಡಿ ಬದುಕಿದವರು. 1960ರ ದಶಕದಲ್ಲಿ ಅಲ್ಲಿ ಕಿವಿ-ಮೂಗು-ಗಂಟಲು ವೈದ್ಯೆಯಾಗಿದ್ದ ಎಸ್ಮೆ ಹ್ಯಾಡ್‌ಫೀಲ್ಡ್ ಅವರು ಒಂದು ವಿಷಯ ಗಮನಿಸಿದ್ರು. ಮೂಗಿನ ಒಳಗೆ ಬರುವ ಒಂದು ಬಗೆಯ ಕ್ಯಾನ್ಸರ್ ತೀರಾ ಅಪರೂಪದ್ದು. ಆದ್ರೆ ಅವರ ಹತ್ತಿರ ಅದೇ ಕಾಯಿಲೆಯವರು ಮತ್ತೆ ಮತ್ತೆ ಬರ್ತಿದ್ರು. ಏನು ಕೆಲಸ ಅಂತ ಕೇಳಿದ್ರೆ ಹೆಚ್ಚಿನವರದು ಒಂದೇ ಉತ್ತರ: ಪೀಠೋಪಕರಣದ ಕೆಲಸ.

1968ರಲ್ಲಿ ಅವರು ಸಹೋದ್ಯೋಗಿಗಳ ಜೊತೆ ಸೇರಿ ಇದನ್ನ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ್ರು. ಅನುಮಾನ ಹೋದದ್ದು ಮರದ ಧೂಳಿನ ಮೇಲೆ. ಆ ಲೇಖನದ ಒಬ್ಬ ಲೇಖಕರ ಹೆಸರು ಡೊನಾಲ್ಡ್ ಆಚಿಸನ್. ಹರಳು ಮಾಡಿದ ಆಚಿಸನ್‌ಗೂ ಇವರಿಗೂ ಕುಲನಾಮ ಒಂದೇ. ಒಬ್ಬರು ಉಜ್ಜೋದನ್ನ ಸುಲಭ ಮಾಡಿದ್ರು, ಇನ್ನೊಬ್ಬರು ಅದರ ಬೆಲೆ ಎಷ್ಟು ಅಂತ ಲೆಕ್ಕ ಹಾಕಿದ್ರು.

1995ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮರದ ಧೂಳನ್ನ ಮೊದಲನೇ ಗುಂಪಿಗೆ ಸೇರಿಸಿತು. ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತೆ ಅನ್ನೋದಕ್ಕೆ ಸಾಕಷ್ಟು ಪುರಾವೆ ಇರುವ ಗುಂಪು ಅದು. ಹೆದರಿಸೋಕೆ ಹೇಳ್ತಿಲ್ಲ. ಕಾಯಿಲೆ ಈಗಲೂ ಅಪರೂಪದ್ದೇ, ಮತ್ತು ಸಾಮಾನ್ಯವಾಗಿ ವರ್ಷಗಟ್ಟಲೆ ಧೂಳು ಕುಡಿದವರಿಗೆ ಬರುವಂಥದ್ದು. ಆದ್ರೆ ಕೆಮ್ಮು, ದಮ್ಮು, ಚರ್ಮದ ತುರಿಕೆ ಅಷ್ಟು ಕಾಯಲ್ಲ. ನಮ್ಮ ಬೀಟೆ, ತೇಗದ ಧೂಳು ಕೆಲವರಿಗೆ ಬೇಗನೇ ಅಲರ್ಜಿ ತರುತ್ತೆ.

📷 6/6

ಈಗ ನಮ್ಮ ಶೆಡ್‌ಗೆ ವಾಪಸ್ ಬರೋಣ.

20ನೇ ಶತಮಾನದ ಕೊನೆಯಲ್ಲಿ ಈ ಯಂತ್ರ ಚಿಕ್ಕದಾಗಿ ಮನೆಗಳಿಗೂ ಬಂತು. ಒಂದು ಬದಿ ತೆರೆದಿರುವ ಮಾದರಿಯಲ್ಲಿ 16 ಇಂಚಿನ ಡ್ರಮ್ ಇದ್ರೂ ಹಲಗೆ ತಿರುಗಿಸಿ ಎರಡು ಸಲ ಕೊಟ್ರೆ 32 ಇಂಚಿನವರೆಗೂ ಉಜ್ಜಬಹುದು. ಕಾರ್ಖಾನೆಯ ಯಂತ್ರ ಮನೆಗೆ ಬಂತು, ಜೊತೆಗೆ ಕಾರ್ಖಾನೆಯ ಧೂಳೂ ಮನೆಗೆ ಬಂತು.

ನೀವೂ ತಗೊಳ್ತಿದ್ರೆ ನಾನು ಪಾಲಿಸ್ತಿರೋ ಕ್ರಮ ಇದು:

▪️ ಮೊದಲು ಧೂಳಿನ ಪೈಪು. ಧೂಳು ಎಳೆಯುವ ಯಂತ್ರಕ್ಕೆ ಜೋಡಿಸದೆ ಸ್ವಿಚ್ ಮುಟ್ಟಬೇಡಿ.
▪️ ಡ್ರಮ್ಮು, ಬೆಲ್ಟಿನ ಮೇಜು ಸಮಾನಾಂತರ ಇದೆಯಾ ನೋಡಿ. ಪ್ಲಗ್ ತೆಗೆದು, ಒಂದೇ ದಪ್ಪದ ಎರಡು ಮರದ ತುಂಡನ್ನ ಡ್ರಮ್ಮಿನ ಎರಡೂ ತುದಿಯ ಕೆಳಗಿಡಿ. ಒಂದು ಬಿಗಿಯಾಗಿ ಇನ್ನೊಂದು ಸಡಿಲ ಇದ್ರೆ ಹಲಗೆ ಒಂದು ಕಡೆ ತೆಳ್ಳಗೆ ಬರುತ್ತೆ.
▪️ ಕಾಗದ ಸುತ್ತುವಾಗ ಒಂದರ ಮೇಲೊಂದು ಏರಬಾರದು, ಸಡಿಲವೂ ಇರಬಾರದು.
▪️ 80ನೇ ನಂಬರಿನಿಂದ ಶುರು ಮಾಡಿ. ನಂಬರ್ ದೊಡ್ಡದಾದಷ್ಟೂ ಕಾಳು ಸಣ್ಣದು.
▪️ ಒಂದೇ ಸಲಕ್ಕೆ ಜಾಸ್ತಿ ತೆಗೆಯೋಕೆ ಹೋಗಬೇಡಿ, ಮರ ಸುಟ್ಟು ಕಪ್ಪಾಗುತ್ತೆ. ಮಧ್ಯದಲ್ಲಿ ಹಲಗೆ ನಿಲ್ಲಿಸಿದ್ರೆ ಅಲ್ಲೇ ಗುಳಿ ಬೀಳುತ್ತೆ.
▪️ ಮೂಗಿಗೆ ಟವೆಲ್ ಕಟ್ಟಿಕೊಂಡ್ರೆ ಸಾಲದು, ಎನ್-95 ಮಾಸ್ಕ್ ಬೇಕು. ಯಂತ್ರ ನಿಂತ ಮೇಲೂ ಸಣ್ಣ ಧೂಳು ಗಾಳಿಯಲ್ಲಿ ತೇಲ್ತಾನೇ ಇರುತ್ತೆ, ತಕ್ಷಣ ಮಾಸ್ಕ್ ತೆಗೀಬೇಡಿ.

ನಾನು ನಾಲ್ಕು ದಿನದಿಂದ ಸ್ವಿಚ್ ಹಾಕದೆ ಕೂತಿರೋದು ಇದಕ್ಕೇ. ನಾಲ್ಕು ಇಂಚಿನ ಆ ಪೈಪು ಇನ್ನೂ ಬಂದಿಲ್ಲ.

ಸ್ವಂತ ಶೆಡ್ಡಲ್ಲಿ ಹವ್ಯಾಸಕ್ಕೆ ಕೆಲಸ ಮಾಡೋ ನಾವು ಕಾಯಬಹುದು. ಆದ್ರೆ ನಿಮ್ಮ ಮನೆಗೆ ವಾರ್ಡ್‌ರೋಬ್ ಮಾಡೋಕೆ ಬಂದ ಆಚಾರ್ರು, ಅವರ ಜೊತೆಗೆ ಬಂದ ಹುಡುಗ, ಬಾಗಿಲು ಹಾಕಿದ ರೂಮಿನಲ್ಲಿ ದಿನವಿಡೀ ಪ್ಲೈವುಡ್ ಉಜ್ಜುತ್ತಿರ್ತಾರಲ್ಲ, ಅವರಿಗೆ ಕಾಯೋಕೆ ಆಗಲ್ಲ. ಮುಂದಿನ ಸಲ ಅವರಿಗೆ ಕಾಫಿ ಕೊಡುವಾಗ ಒಂದೆರಡು ಒಳ್ಳೇ ಮಾಸ್ಕನ್ನೂ ಕೊಡಿ. ಕಿಟಕಿ ತೆಗೆದಿಡಿ.

ನಿಮ್ಮೂರಲ್ಲಿ ಉಪ್ಪು ಕಾಗದಕ್ಕೆ ಏನಂತಾರೆ? ಗರಗತ್ತಿ ಎಲೆ ಬಳಸಿದವರನ್ನ ನೋಡಿದ್ದೀರಾ? ಕಾಮೆಂಟಲ್ಲಿ ಬರೀರಿ. ಮುಂದಿನ ಸರಣಿ ಸರೇಸಿನ ಬಗ್ಗೆ. 🪵

#ಮರಗೆಲಸ #ಉಪ್ಪುಕಾಗದ #ಉಪಕರಣಗಳಇತಿಹಾಸ #ಕನ್ನಡದಲ್ಲಿಓದಿ