ಕಫದ ತೂಕದಿಂದ ಗಾಳಿಯ ನಕ್ಷೆಯವರೆಗೆ

ಸಿಸ್ಟಿಕ್ ಫೈಬ್ರೋಸಿಸ್ ಹುಟ್ಟಿನಿಂದಲೇ ಬರುವ ಕಾಯಿಲೆ. ಸಿಎಫ್‌ಟಿಆರ್ ಜೀನ್ ಕೆಟ್ಟಿರುವುದರಿಂದ ಜೀವಕೋಶಗಳಲ್ಲಿ ಉಪ್ಪು, ನೀರಿನ ಸಾಗಾಟ ಏರುಪೇರಾಗುತ್ತದೆ. ಶ್ವಾಸನಾಳಗಳಲ್ಲಿ ಕಫ ಅಂಟಾಗಿ ಕಟ್ಟಿಕೊಂಡು ಅಲ್ಲಿ ಸೋಂಕು ನೆಲೆಯೂರುತ್ತದೆ. ಆ ಕಫವನ್ನು ದಿನದಿನವೂ ಹೊರಹಾಕಿಸುವುದು ಎದೆಯ ಫಿಸಿಯೋಥೆರಪಿಯ ಕೆಲಸ. ತಲೆ ತಗ್ಗಿಸಿ ಮಲಗಿಸಿ ಬೆನ್ನು ತಟ್ಟುವ ಹಳೆಯ ಕ್ರಮದ ಜೊತೆಗೆ ಉಸಿರಾಟದ ವ್ಯಾಯಾಮ, ಒತ್ತಡದ ವಿರುದ್ಧ ಊದುವ ಮಾಸ್ಕ್, ಎದೆಯನ್ನು ಅದುರಿಸುವ ಜಾಕೆಟ್ ಎಲ್ಲವೂ ಬಂದಿವೆ. ಯಾವುದು ಎಷ್ಟು ಉಪಯೋಗ ಎಂದು ಅಳೆಯುವುದೇ ತೊಡಕಾಗಿ ಉಳಿದಿದೆ.

ಬಹುಕಾಲ ಇದ್ದ ಅಳತೆಗಳು ಎರಡು: ಹೊರಬಂದ ಕಫದ ತೂಕ ಮತ್ತು ಜೋರಾಗಿ ಊದಿಸಿ ಉಸಿರನ್ನು ಅಳೆಯುವ ಸ್ಪೈರೋಮೆಟ್ರಿ. ಕಫದಲ್ಲಿ ಎಂಜಲು ಬೆರೆಯುತ್ತದೆ. ಪುಟ್ಟ ಮಕ್ಕಳಂತೂ ಅದನ್ನು ನುಂಗಿಬಿಡುತ್ತಾರೆ. ಸ್ಪೈರೋಮೆಟ್ರಿ ಕೊಡುವುದು ಎರಡೂ ಶ್ವಾಸಕೋಶಗಳ ಒಟ್ಟು ಲೆಕ್ಕ. ಯಾವ ಭಾಗ ಮುಚ್ಚಿತ್ತು, ಯಾವುದು ತೆರೆಯಿತು ಎಂಬುದು ಎರಡರಲ್ಲೂ ಸಿಗದು.

ಆ ಕೊರತೆ ತುಂಬಲು ಮೊದಲು ಬಂದವುಗಳಲ್ಲಿ ಗಾಮಾ ಕ್ಯಾಮೆರಾ ಒಂದು. ರೋಗಿ ವಿಕಿರಣಶೀಲ ಕಣಗಳನ್ನು ಉಸಿರಿನೊಡನೆ ಎಳೆದುಕೊಂಡ ಮೇಲೆ ಅವು ಕಫದ ಜೊತೆ ಎಷ್ಟು ಬೇಗ ಹೊರಟುಹೋಗುತ್ತವೆ ಎಂದು ನೋಡುವ ವಿಧಾನವಿದು. 1982ರಲ್ಲಿ ಕೆನಡಾದ ರಾಸ್‌ಮನ್ ಮತ್ತು ಸಂಗಡಿಗರು ಹೀಗೆ ನೋಡಿದಾಗ, ಕ್ರಮಬದ್ಧವಾಗಿ ಕೆಮ್ಮಿದರೆ ಚಿಕಿತ್ಸಕರು ಮಾಡಿಸುವ ಫಿಸಿಯೋಥೆರಪಿಯಷ್ಟೇ ಕಫ ತೆರವಾಗುತ್ತದೆ ಎಂದು ಕಂಡುಬಂತು. ಆದರೆ ಗಾಳಿ ಹೋಗುವಲ್ಲಿ ಮಾತ್ರ ಕಣಗಳು ಕೂರುತ್ತವೆ. ಪೂರ್ತಿ ಕಟ್ಟಿಕೊಂಡ ಜಾಗ, ಅಂದರೆ ಚಿಕಿತ್ಸೆ ಹೆಚ್ಚು ಬೇಕಾದ ಜಾಗ, ಈ ಕ್ಯಾಮೆರಾದ ಲೆಕ್ಕಕ್ಕೆ ಬರುವುದಿಲ್ಲ.

ಸಿ.ಟಿ. ಸ್ಕ್ಯಾನ್ ಆ ಜಾಗಗಳನ್ನೂ ತೋರಿಸಿತು. ಹಿಗ್ಗಿದ ನಾಳ, ಕಫದ ಗಡ್ಡೆ ಮುಂತಾದವುಗಳಿಗೆಲ್ಲ ಅಂಕ ಕೊಡುವ ಭಲ್ಲಾ ಪದ್ಧತಿ 1991ರಲ್ಲಿ ಬಂತು. ಚಿತ್ರ ಸ್ಪಷ್ಟ, ಆದರೆ ಜೀವನವಿಡೀ ತಪಾಸಣೆಗೆ ಬರಬೇಕಾದ ಮಗುವಿಗೆ ಪ್ರತಿ ಚಿಕಿತ್ಸೆಯ ಹಿಂದೆ ಮುಂದೆ ಎಕ್ಸ್-ಕಿರಣ ಹಾಯಿಸುವಂತಿಲ್ಲ.

ವಿಕಿರಣದ ಭಯವಿಲ್ಲದ ಎಂ.ಆರ್.ಐ.ಗೆ ಗಾಳಿಯೇ ತುಂಬಿರುವ ಶ್ವಾಸಕೋಶದಿಂದ ಸಿಗುವ ಸಂಕೇತ ತೀರಾ ಕ್ಷೀಣ. ಹೀಲಿಯಂ-3 ಅನಿಲದ ಪರಮಾಣುಗಳನ್ನು ಲೇಸರ್ ನೆರವಿನಿಂದ ಅತಿಧ್ರುವೀಕರಿಸಿ, ಅಂದರೆ ಅವುಗಳ ಸಂಕೇತ ಬಹಳ ಹೆಚ್ಚುವಂತೆ ಮಾಡಿ, ಉಸಿರಿಗೆ ಕೊಟ್ಟಾಗ ಅನಿಲ ಹರಡಿದ ಕಡೆ ಬೆಳಕು, ಹೋಗದ ಕಡೆ ಕತ್ತಲೆ ಕಂಡಿತು. ಇಂಗ್ಲೆಂಡಿನ ಶೆಫೀಲ್ಡ್ ತಂಡ ಫಿಸಿಯೋಥೆರಪಿಗೆ ಮೊದಲು ಮತ್ತು ನಂತರ ಮಕ್ಕಳ ಶ್ವಾಸಕೋಶವನ್ನು ಹೀಗೆ ಚಿತ್ರಿಸಿ 2009ರಲ್ಲಿ ವರದಿ ಮಾಡಿತು. ಗಾಳಿಯಾಡುವ ಒಟ್ಟು ಗಾತ್ರ ಹೆಚ್ಚು ಬದಲಾಗಿರಲಿಲ್ಲ, ಹಂಚಿಕೆ ಬದಲಾಗಿತ್ತು. ಜಾಗ ಬಿಟ್ಟ ಕಫ ಹೊರಗೆ ಬರುವ ದಾರಿಯಲ್ಲಿ ಇನ್ನೊಂದು ನಾಳವನ್ನು ಕೆಲಹೊತ್ತು ಅಡ್ಡಗಟ್ಟಬಹುದಲ್ಲ! ಅಂಥ ಹೊತ್ತಿನಲ್ಲಿ ತೆಗೆದ ಚಿತ್ರ, ಸಾಗುತ್ತಿರುವ ಚಿಕಿತ್ಸೆಯನ್ನು ಸೋಲೆಂದು ತೋರಿಸಬಹುದು. ಹೀಲಿಯಂ-3 ವಿರಳವಾಗಿ ದುಬಾರಿಯಾದ ಮೇಲೆ ಆ ಸ್ಥಾನಕ್ಕೆ ಕ್ಸೆನಾನ್-129 ಬಂತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2022ರ ಡಿಸೆಂಬರ್‌ನಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತು. ಅನಿಲವೇ ಬೇಡದ ಎಂ.ಆರ್.ಐ. ವಿಧಾನಗಳೂ ಬೆಳೆಯುತ್ತಿವೆ.

ಇಷ್ಟೆಲ್ಲದರ ನಡುವೆ ಚಿಕಿತ್ಸೆಯ ಕ್ರಮವನ್ನೇ ಪ್ರಶ್ನಿಸಿದ್ದು ಸಾಮಾನ್ಯ ಎಕ್ಸ್-ರೇ. ಮೆಲ್ಬರ್ನ್‌ನಲ್ಲಿ ಬಟನ್ ಮತ್ತು ಸಂಗಡಿಗರು ಹಸುಗೂಸುಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ತಲೆ ಕೆಳಗಾಗಿಸುವ ಕ್ರಮ, ಇನ್ನೊಂದಕ್ಕೆ ತಲೆ ತಗ್ಗಿಸದ ಕ್ರಮ ಅನುಸರಿಸಿದರು. 2003ರಲ್ಲಿ ಪ್ರಕಟವಾದ ಈ ಐದು ವರ್ಷದ ಅಧ್ಯಯನದಲ್ಲಿ, ತಲೆ ಕೆಳಗಾಗಿಸಿದ ಮಕ್ಕಳ ಎಕ್ಸ್-ರೇ ಎರಡೂವರೆ ವರ್ಷದ ಹೊತ್ತಿಗೆ ಹೆಚ್ಚು ಕೆಟ್ಟಿತ್ತು. ಆ ಭಂಗಿಯಲ್ಲಿ ಹೊಟ್ಟೆಯಲ್ಲಿದ್ದದ್ದು ಮೇಲಕ್ಕೆ ಉಕ್ಕುತ್ತದೆ ಎಂದು ಅದೇ ತಂಡ ಮೊದಲೇ ತೋರಿಸಿತ್ತು. ಅಧ್ಯಯನ ಚಿಕ್ಕದು, ಉಪಕರಣ ಹಳೆಯದು. ಅದಕ್ಕೆ ಬಲ ಬಂದದ್ದು ವರ್ಷಗಟ್ಟಲೆ ಬೆನ್ನುಹತ್ತಿದ್ದರಿಂದ.

2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮೂರು ಔಷಧಗಳ ಜಂಟಿ ಮಾತ್ರೆ ಅನೇಕರಲ್ಲಿ ಕಫವನ್ನೇ ಇಳಿಸಿದೆ. ಅಂಥವರಿಗೆ ಕಫ ತೂಗುವ ಅಳತೆ ನಿರುಪಯೋಗಿ. ನಿತ್ಯದ ಫಿಸಿಯೋಥೆರಪಿಯನ್ನು ಕಡಿಮೆ ಮಾಡಬಹುದೇ ಎಂಬುದು ಅವರ ಪ್ರಶ್ನೆ. ಉತ್ತರಕ್ಕೆ ಸೂಕ್ಷ್ಮ ಚಿತ್ರಣ ಬೇಕೇ ಬೇಕು. ಆದರೆ ಚಿಕಿತ್ಸೆ ಇಲ್ಲದೆಯೂ ಒಬ್ಬನೇ ವ್ಯಕ್ತಿಯ ಚಿತ್ರ ದಿನದಿಂದ ದಿನಕ್ಕೆ ಎಷ್ಟು ಬದಲಾಗುತ್ತದೆ ಎಂದು ಮೊದಲು ಅರಿತಿರಬೇಕು. ಚಿಕಿತ್ಸೆ ಮುಗಿದೊಡನೆ ತೆಗೆದ ಚಿತ್ರ ಕಫ ಚಲಿಸಿತೆಂದು ಹೇಳಬಲ್ಲದು. ಶ್ವಾಸಕೋಶ ಉಳಿಯಿತೇ ಎಂದು ಹೇಳಲು ಮೆಲ್ಬರ್ನ್‌ನಲ್ಲಿ ಕಾದಷ್ಟು ಕಾಲ ಕಾಯಲೇಬೇಕು.