ಬಂಡೆಯ ಮೇಲಿನ ಹೂವು

1882ನೆಯ ಇಸವಿಯಲ್ಲಿ ಲಂಡನ್ನಿನ ಬಳಿಯ ಕ್ಯೂ ಉದ್ಯಾನದಲ್ಲಿ, ಆಲ್ಪ್ಸ್ ಪರ್ವತದಂಥ ಎತ್ತರದ ನೆಲೆಗಳ ಹೂಗಿಡಗಳಿಗೆಂದು ಒಂದು ಶಿಲೋದ್ಯಾನ ಸಿದ್ಧವಾಯಿತು. ಅದೇ ವರ್ಷ ಬೆಂಗಳೂರಿಗೆ ಪೂರ್ವದಲ್ಲಿ, ಚಾಮರಾಜೇಂದ್ರ ಒಡೆಯರು ಕೊಟ್ಟ ಸುಮಾರು 3,900 ಎಕರೆ ನೆಲದಲ್ಲಿ ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಜನರ ನೆಲೆಯೊಂದು ಆರಂಭವಾಗಿ, ಡಿ. ಎಸ್. ವೈಟ್ ಅವರ ಹೆಸರಿನಿಂದ ವೈಟ್‌ಫೀಲ್ಡ್ ಎನಿಸಿಕೊಂಡಿತು. ಇವೆರಡಕ್ಕೂ ಸಂಬಂಧವೇನೂ ಇಲ್ಲ. ಆದರೂ ನನ್ನ ಮನಸ್ಸಿನಲ್ಲಿ ಇವು ಒಂದನ್ನೊಂದು ಬಿಟ್ಟಿರುವುದಿಲ್ಲ.

ಆಲ್ಪೈನ್ ಗಿಡದ ಸ್ವಭಾವ ವಿಚಿತ್ರವಾದದ್ದು. ಚಳಿಗೆ ಅದು ಅಂಜುವುದಿಲ್ಲ. ಚಳಿಗಾಲದ ತೇವಕ್ಕೆ ಅಂಜುತ್ತದೆ. ಹಿಮದ ಹೊದಿಕೆಯ ಕೆಳಗೆ ಒಣಗಿ ಮಲಗಿ, ಹಿಮ ಕರಗಿದೊಡನೆ ಎದ್ದು, ಕೆಲವೇ ವಾರಗಳಲ್ಲಿ ಹೂ ಬಿಟ್ಟು ಮುಗಿಸುತ್ತದೆ. ಶಿಲೋದ್ಯಾನದಲ್ಲಿ ಕಲ್ಲುಗಳ ನಡುವೆ ಜಲ್ಲಿ ತುಂಬುವುದು ನೀರು ನಿಲ್ಲದೆ ಹರಿದುಹೋಗಲೆಂದೇ. ಮೂರು ಸಾವಿರ ಅಡಿ ಎತ್ತರದ ಬೆಂಗಳೂರಿನಲ್ಲಿ ಅದಕ್ಕೆ ನಿದ್ದೆಯೇ ಬಾರದು, ನಿದ್ದೆಗೆಟ್ಟು ಸಾಯುತ್ತದೆ. ಕ್ಯೂನಲ್ಲಿ ದುಡಿದು 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನ್ ತಜ್ಞ ಕ್ರುಂಬಿಗಲ್ ಆ ಶಿಲೋದ್ಯಾನವನ್ನು ಕಂಡೇ ಇದ್ದಿರಬೇಕು. ಆದರೆ ಈ ಊರಿಗೆ ಅವರ ದೊಡ್ಡ ಕೊಡುಗೆ, ಇಲ್ಲಿನ ಹವೆ ಒಪ್ಪುವ, ಒಂದರ ಹಿಂದೊಂದು ಹೂವಾಗುವ ಮರಗಳು. ಇದನ್ನು ನಾನು ವಿವೇಕವೆನ್ನುತ್ತೇನೆ.

ಅಷ್ಟಕ್ಕೂ ನಮಗೆ ಶಿಲೋದ್ಯಾನವನ್ನು ಕಟ್ಟುವ ಅಗತ್ಯವೆಲ್ಲಿತ್ತು? ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಅದೇ ನೈಸ್ ಶಿಲೆ ಊರಿನ ಸುತ್ತಲೂ ನೆಲದಿಂದ ಬೆನ್ನೆತ್ತಿ ನಿಂತಿದೆ. ಅಂಥ ಬಂಡೆಯ ತಗ್ಗುಗಳಲ್ಲಿ ನಿಂತ ಅಂಗುಲ ಮಣ್ಣು ಮಳೆಗೆ ನೆನೆದಾಗ ಕೀಟಭಕ್ಷಕ ಡ್ರೊಸೆರಾ, ಯುಟ್ರಿಕ್ಯುಲೇರಿಯ, ನೇರಿಳೆ ಬಣ್ಣದ ಸಯನೋಟಿಸ್‌ಗಳು ಕಾಣಿಸಿಕೊಳ್ಳುತ್ತವೆ. ಗೆಡ್ಡೆಯುಳ್ಳ ಬಹುವಾರ್ಷಿಕಗಳು ಬೇಸಗೆಯಲ್ಲಿ ಮಣ್ಣಿನೊಳಗೆ ಮಲಗಿದ್ದು ಮೊದಲ ಮಳೆಗೆ ಏಳುತ್ತವೆ. ಆಲ್ಪ್ಸಿನ ಗಿಡಕ್ಕೆ ಹಿಮವಿದ್ದಂತೆ ಇವಕ್ಕೆ ಬಿಸಿಲು.

1978ರಲ್ಲಿ ಆರ್. ಕೆ. ಬಾಳಿಗರ ಕನಸಿನಂತೆ ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ತಳಹದಿ ಹಾಕಿತು. ಮುಂದಿನ ಕಥೆ ತಮಗೆ ಗೊತ್ತು. ಪೀಣ್ಯದಾಚೆ ನಾನು ವಿದ್ಯಾರ್ಥಿಗಳನ್ನು ಕರೆದೊಯ್ಯುತ್ತಿದ್ದ ಬಂಡೆಯೊಂದು ಜಲ್ಲಿಯಾಗಿ ಯಾವುದೋ ರಸ್ತೆಯ ಕೆಳಗೆ ಸೇರಿದೆ.

ಕಳೆದ ಮಳೆಗಾಲದ ಕೊನೆಯಲ್ಲಿ ವೈಟ್‌ಫೀಲ್ಡಿನ ವಸತಿ ಸಮುಚ್ಚಯವೊಂದಕ್ಕೆ ಹೋಗಿದ್ದೆ. ನೆಲ ಮಟ್ಟಮಾಡಲು ಅಲ್ಲಿದ್ದ ಬಂಡೆಯನ್ನು ಸಿಡಿಸಿ, ಆಮೇಲೆ ಲಾರಿಯಲ್ಲಿ ಕಲ್ಲು ತರಿಸಿ ಶಿಲೋದ್ಯಾನ ಮಾಡಿದ್ದರು! ಹಿಂಬದಿಯ ಗೋಡೆಯ ಬಳಿ ಹಳೆಯ ಬಂಡೆಯ ಒಂದು ತುಣುಕು ಉಳಿದಿತ್ತು. ಅದರ ಬಿರುಕಿನಲ್ಲಿ ಸಯನೋಟಿಸ್ ಹೂ ಬಿಟ್ಟಿತ್ತು. ನಾನು ಬಗ್ಗಿ ನೋಡುತ್ತಿದ್ದಂತೆ ಮಾಲಿ ಓಡಿಬಂದು ಅದನ್ನು ಕಿತ್ತುಹಾಕಿದ.

“ಕಳೆ ಸ್ವಾಮಿ, ನಾಳೆ ಕೀಳೋಣ ಅಂತಿದ್ದೆ,” ಎಂದ.